ನಮ್ಮನೆಯವರು ಮತ್ತು ತದಡಿಯ ಸತ್ತ ಬೊಮ್ಮಯ್ಯ

ಮೊನ್ನೆ ಕುಮಟೆಯಲ್ಲಿ ನಮ್ಮನೆಯವರ ನೆನಪಿಗೆ ಅಂತ ಒಂದು ಸಭೆ ಮಾಡಿದರು. ಫೋಟೋಕ್ಕೆ ಹಾರ ಹಾಕಿ, ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮಾತಾಡಲು ಎದ್ದ ಒಬ್ಬ, ಅವರು ಸಾವಿರಾರು ಮನೋರೋಗಿಗಳನ್ನು ಉದ್ಧಾರ ಮಾಡಿದ ಮಹಾತ್ಮರು ಅಂದ. ಇನ್ನೊಬ್ಬ, ಅವರ ಕೈ ಸೋಕಿದರೆ ಸಾಕಿತ್ತು, ಎಂಥ ಹುಚ್ಚೂ ಇಳಿಯುತ್ತಿತ್ತು ಅಂದ. ನನಗೆ ಮೈಯೆಲ್ಲ ಉರಿದುಹೋತು. ಕೈ ಸೋಕಿದರೆ ಸಾಕಿತ್ತಂತೆ! ಆ ಮನುಷ್ಯರಿಗೆ ಹಾಲು ನೋಡಿಕೊಳ್ಳಿ ಅಂತ ಹೇಳಿ ಬಾವಿಗೆ ಹೋದರೆ, ಹಾಲು ಉಕ್ಕಿ ಒಲೆ ನಂದಿದ್ದೂ ಗೊತ್ತಾಗುತ್ತಿರಲಿಲ್ಲ. ಯಾಕೆಂದರೆ ಪಕ್ಕದಲ್ಲಿ ಯಾರಾದರೂ ಕೂತು ತಮ್ಮ ಕಷ್ಟ ಹೇಳುತ್ತಲೇ ಇರುತ್ತಿದ್ದರು.

ಅದಕ್ಕೇ ನಾನೇ ಹೇಳುತ್ತೇನೆ, ಕೇಳಿ. ಹೆಸರು ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ. ಗಂಡನ ಹೆಸರು ಹಿಡಿದು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಊರವರು ಅವರನ್ನು ಕರೆಯುವಾಗ ನಿಮಗೇ ಗೊತ್ತಾಗುತ್ತದೆ.

ಅವರು ಹುಟ್ಟಿದ್ದು ಮುರ್ಡೇಶ್ವರದ ಹತ್ತಿರ ಕಾಯ್ಕಿಣಿಯಲ್ಲಿ. ಮುಂಬಯಿ ಸರ್ಕಾರ ಇದ್ದಾಗ ಘಟ್ಟದ ಮೇಲಿನ ಒಂದು ಹುಚ್ಚಾಸ್ಪತ್ರೆಯಲ್ಲಿ ವಾರ್ಡಿನ ಕೆಲಸಕ್ಕೆ ಸೇರಿದ್ದರು. ಯಾವ ಊರು ಅಂತ ಕೇಳಬೇಡಿ, ಅವರ ಮರ್ಯಾದೆ ಅವರಿಗಿರಲಿ. ಅಲ್ಲಿಯೂ ಇದೇ ಕತೆ. ರೋಗಿಗಳ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು, "ಆತು, ಮುಂದೆ?" ಅನ್ನುತ್ತ ಕೇಳುವುದು. ಒಂದು ದಿವಸ ಹೊಸದಾಗಿ ಬಂದ ಮೇಲಿನವನೊಬ್ಬ ಇವರನ್ನೂ ಒಳಗೆ ಹಾಕಿ ಬೀಗ ಜಡಿದ. "ನಾನು ಇಲ್ಲಿಯ ನೌಕರ" ಅಂದರೆ, "ಎಲ್ಲರೂ ಹಾಗೇ ಹೇಳ್ತಾರೆ" ಅಂದನಂತೆ. ಆಚೆ ಮಂಚದವನೂ "ಹೌದು ಸ್ವಾಮಿ, ನಾನೂ ಇಲ್ಲಿಯ ನೌಕರನೇ" ಅಂದನಂತೆ. ಊಟ ಕೊಡುವ ಅಡಿಗೆಯವನು ಗುರುತು ಹಿಡಿಯುವ ತನಕ ಇವರು ಒಳಗೇ. ಗಲಾಟೆ ಮಾಡಬಾರದಿತ್ತಾ ಅಂತ ನಾನು ಕೇಳಿದರೆ, "ಆಚೆ ಮಂಚದವನ ಕತೆ ಅರ್ಧಕ್ಕೆ ನಿಂತಿತ್ತು ಮಾರಾಯ್ತಿ, ಮುಗಿಸಿಕೊಂಡು ಬಂದೆ" ಅಂದರು. ಇಂಥವರ ಸಂಗಡ ಸಂಸಾರ ಮಾಡಿದ್ದು ನಾನು!

ಮೈಸೂರು ಸರ್ಕಾರ ಬಂದ ಮೇಲೆ ಆ ಕೆಲಸ ಬಿಟ್ಟು ಕುಮಟೆಗೆ ಬಂದರು. ಬೆಳಿಗ್ಗೆ ಬಟ್ಟೆ ಅಂಗಡಿಯಲ್ಲಿ ಗಜ ಹಿಡಿಯುವುದು, ಮಧ್ಯಾಹ್ನದ ಮೇಲೆ ನಮ್ಮ ಜಗಲಿಯಲ್ಲಿ ಕೂತು ಜನರ ಮಾತು ಕೇಳುವುದು. ಈಗ ಅದಕ್ಕೆ ಆಪ್ತ ಸಲಹೆ ಅಂತ ಏನೋ ಹೆಸರಿದೆಯಂತೆ. ಆಗ ಹೆಸರಿರಲಿಲ್ಲ. "ಅಣ್ಣಪ್ಪಣ್ಣನ ಜಗಲಿಗೆ ಹೋಗಿ ಬಾ" ಅನ್ನುತ್ತಿದ್ದರು, ಅಷ್ಟೆ. ಸಲಹೆಯಂತೂ ಅವರು ಕೊಟ್ಟಿದ್ದೇ ನಾನು ನೋಡಲಿಲ್ಲ. ಸ್ನಾನ ಮಾಡಿ, ತಿರುಪತಿ ತಿಮ್ಮಪ್ಪನ ಪಟಕ್ಕೆ ತುಳಸಿ ಇಟ್ಟು, "ಸ್ವಾಮೀ, ನನ್ನ ಬಾಯಿ ಮುಚ್ಚಿಸು, ಕಿವಿ ತೆರೆಸು" ಅಂತ ಗಟ್ಟಿಯಾಗಿ ಬೇಡಿಕೊಂಡು ಬಂದು ಕೂರುತ್ತಿದ್ದರು. ಸ್ವಾಮಿ ಬಾಯಿ ಮುಚ್ಚಿಸಿದ್ದು ಇವರದ್ದು, ತೆರೆಸಿದ್ದು ನನ್ನದು.

ಬರುವವರೂ ಅಂಥವರೇ. ಹೊನ್ನಾವರದ ಒಬ್ಬ ಗುಮಾಸ್ತನಿಗೆ ಮನೆಗೆ ಬೀಗ ಹಾಕಿದ್ದೇನೋ ಇಲ್ಲವೋ ಅಂತ ಸಂಶಯ. ನಾಲ್ಕು ಹೆಜ್ಜೆ ಹೋಗುವುದು, ತಿರುಗಿ ಬಂದು ಜಗ್ಗಿ ನೋಡುವುದು. ಹೀಗಾಗಿ ಕಚೇರಿ ಮುಟ್ಟುವಾಗ ಕಚೇರಿಗೇ ಬೀಗ ಬಿದ್ದಿರುತ್ತಿತ್ತು. ನಮ್ಮನೆಯವರು ಅವನ ಮಾತೆಲ್ಲ ಕೇಳಿ, "ಬೀಗದ ಚಿಂತೆ ಇದ್ದರೆ ಬೀಗವನ್ನು ಸಂಗಡವೇ ತಾ" ಅಂದರು. ಮುಂದಿನ ವಾರ ಆ ಪುಣ್ಯಾತ್ಮ ಬೀಗ ಜಡಿದ ಬಾಗಿಲನ್ನೇ ಕಿತ್ತು, ತಲೆ ಮೇಲೆ ಹೊತ್ತು ಬಸ್ಸಿನಲ್ಲಿ ಬಂದ. ಕಂಡಕ್ಟರನು ಬಾಗಿಲಿಗೆ ಲಗೇಜು ಹಾಕಿದನಂತೆ. ನಮ್ಮ ಜಗಲಿಯ ಗೋಡೆಗೆ ಅದನ್ನು ಒರಗಿಸಿ, ಇಡೀ ಮಧ್ಯಾಹ್ನ ಇಬ್ಬರೂ ಅದರ ನೆರಳಲ್ಲಿ ಕೂತಿದ್ದರು. ಅವನ ಮನೆ ಅಲ್ಲಿ ಹಾ ಅಂತ ಬಾಯಿ ತೆರೆದು ಬಿದ್ದಿತ್ತು. ಯಾರೂ ಒಂದು ಚಮಚವನ್ನೂ ಕದಿಯಲಿಲ್ಲ. ಅಷ್ಟಾದ ಮೇಲೆ ಅವನ ಸಂಶಯ ಸ್ವಲ್ಪ ಸಡಿಲಾತು. ಇದನ್ನೇ ಸಭೆಯಲ್ಲಿ ಪವಾಡ ಅಂದದ್ದು.

ಯಾರ ಹತ್ತಿರವೂ ಕಾಸು ಮುಟ್ಟುತ್ತಿರಲಿಲ್ಲ. ಜನ ಮೊಗೆಕಾಯಿ, ಘಟ್ಟದ ಮೇಲಿನವರು ಬಣ್ಣದ ಸೌತೆ ಅನ್ನುವುದು, ತಂದುಕೊಡುತ್ತಿದ್ದರು. ಅಟ್ಟದ ಮೇಲೆ ಮೊಗೆಕಾಯಿ, ಮಂಚದ ಕೆಳಗೆ ಮೊಗೆಕಾಯಿ. ಹುಳಿ, ಪಲ್ಯ, ದೋಸೆ ಎಲ್ಲ ಅದರದ್ದೇ. ಇನ್ನೊಂದು ಮೊಗೆಕಾಯಿ ಈ ಮನೆಗೆ ಬಂದರೆ ನಾನೇ ನಿಮ್ಮ ಜಗಲಿಗೆ ಬಂದು ಕೂರ್ತೆ ಅಂತ ಒಂದು ದಿವಸ ಕೂಗಿದ್ದೆ. "ಬಾ, ಕೂತ್ಕೋ. ಮುಂದೆ?" ಅಂದರು.

ಅವರದ್ದೊಂದು ಕಟ್ಟುನಿಟ್ಟು ಇತ್ತು. ಜಗಲಿಯಲ್ಲಿ ರೋಗಿಯ ಮಾತು ಮಾತ್ರ. ಕರೆದುಕೊಂಡು ಬಂದವರು ಹಿತ್ತಲಕಡೆಗೆ ಹೋಗಬೇಕು. ಹಿತ್ತಲಕಡೆ ಇರುವವಳು ಯಾರು? ನಾನು. ಹಾಗಾಗಿ ತದಡಿಯ ಗಂಗಿ ಬಂದು ಮೊದಲು ಕೂತದ್ದು ನನ್ನ ಅಡಿಗೆಮನೆಯ ಹೊಸ್ತಿಲಲ್ಲಿ. ಇದು ಅರವತ್ತರ ಆಚೀಚೆಯ ಮಾತು. ಬೋಳು ಕೈ, ಬೋಳು ಹಣೆ, ಇಪ್ಪತ್ತೈದು ದಾಟದ ಹೆಣ್ಣು.

"ಅಕ್ಕಾ, ನಮ್ಮನೆಯವರು ಸತ್ತುಹೋಗಿದ್ದಾರೆ" ಅಂದಳು.

"ಅಯ್ಯೋ ದೇವರೇ! ಯಾವಾಗ ತಂಗಿ?"

"ಹೋದ ವರ್ಷದ ಕಾರ್ತಿಕದಲ್ಲಿ. ಈಗ ಊರಲ್ಲಿ, ನಮ್ಮ ಹಿತ್ತಲಲ್ಲಿ, ಹಲಸಿನ ಮರದ ಬುಡಕ್ಕೆ ಕೂತಿದ್ದಾರೆ. ಒಳಗೆ ಬನ್ನಿ ಅಂದರೆ ಕೇಳೂದಿಲ್ಲ."

ನಾನು ಒಲೆಯ ಮುಂದಿನಿಂದ ಎದ್ದು ಬಂದೆ. ಇವಳಿಗೇ ತಲೆ ಸರಿ ಇಲ್ಲ ಅಂದುಕೊಂಡೆ. ಪೂರಾ ಕೇಳಿದ ಮೇಲೆ ಗೊತ್ತಾತು, ಆ ಊರಲ್ಲಿ ತಲೆ ಸರಿ ಇರುವವಳು ಇವಳೊಬ್ಬಳೇ.

ಆದದ್ದು ಹೀಗೆ. ಗಂಗಿಯ ಗಂಡ ಬೊಮ್ಮಯ್ಯ, ಅವನ ತಮ್ಮ ಹೊನ್ನ, ಇಬ್ಬರೂ ತೆಂಗಿನಕಾಯಿ ಹೇರಿದ ಮಚವೆಯಲ್ಲಿ ಮುಂಬಯಿಗೆ ಹೊರಟಿದ್ದರು. ಹಾಯಿ ಕಟ್ಟಿದ ಆ ಮಚವೆ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಹೆಣ ಸಿಗಲಿಲ್ಲ, ಸುದ್ದಿ ಸಿಗಲಿಲ್ಲ. ಕಾದು ಕಾದು, ಕೊನೆಗೆ ಗೋಕರ್ಣದಲ್ಲಿ ದರ್ಭೆಯ ಬೊಂಬೆ ಮಾಡಿ ಸುಟ್ಟು, ಅಣ್ಣತಮ್ಮ ಇಬ್ಬರದ್ದೂ ಕ್ರಿಯೆ ಮುಗಿಸಿದರು. ಗಂಗಿಯ ಬಳೆ ಒಡೆದರು. ಮುಂದಿನ ಕಾರ್ತಿಕದಲ್ಲಿ ವರ್ಷಾಂತ. ಎಲೆಯಲ್ಲಿ ಅನ್ನ, ವಡೆ, ಪಾಯಸ ಬಡಿಸಿ ಹಿತ್ತಲಲ್ಲಿಟ್ಟು, ಬೊಮ್ಮಯ್ಯನ ಹೆಸರು ಹೇಳಿ ಕಾಗೆ ಕರೆಯುತ್ತಿದ್ದಾರೆ. ಬೇಲಿ ದಾಟಿ ಬೊಮ್ಮಯ್ಯನೇ ಬಂದ! ಹಸಿದಿದ್ದನಂತೆ, ಮನೆಯವರು ತನ್ನ ಹೆಸರು ಹಿಡಿದು ಕರೆಯುತ್ತಿದ್ದಾರಲ್ಲ, ಸೀದಾ ಕೂತು ಆ ಎಲೆಯಲ್ಲೇ ಉಂಡ. ರತ್ನಾಗಿರಿ ಕಡೆಯ ದೋಣಿಯವರು ಎತ್ತಿ ಉಳಿಸಿದ್ದರಂತೆ, ಆಮೇಲೆ ಮುಂಬಯಿಯಲ್ಲಿ ಖಾನಾವಳಿಯಲ್ಲಿ ಪಾತ್ರೆ ತೊಳೆದುಕೊಂಡಿದ್ದನಂತೆ. ಇದನ್ನೆಲ್ಲ ಕೇಳಲು ಅಲ್ಲಿ ಯಾರಿದ್ದರು? ಎಲ್ಲರೂ ಓಡಿಹೋಗಿದ್ದರು. ಕ್ರಿಯೆ ಮಾಡಿಸಿದ ತ್ರ್ಯಂಬಕ ಭಟ್ಟರು ಮಾತ್ರ ನಿಂತಿದ್ದರು. "ಪಿತೃಗಳು ಕಾಗೆ ರೂಪದಲ್ಲಿ ಬರೂದು ನೋಡಿದ್ದೆ. ಸ್ವಂತ ರೂಪದಲ್ಲಿ ಬಂದದ್ದು ಇದೇ ಮೊದಲು" ಅಂದರಂತೆ.

ಹೆದರದೆ ತಿರುಗಿ ಬಂದವಳು ಅವನ ತಾಯಿ, ಮುದುಕಿ ಸಣ್ಣಿ. ಬಂದವಳು ಮಗನ ಮುಖ ಸವರಿ, ಬೇಲಿಯ ಆಚೆ ನೋಡಿ, "ಹೊನ್ನ ಎಲ್ಲಿ ಮಗಾ? ಹಿಂದಿಂದ ಬತ್ತಿದ್ನಾ?" ಅಂತ ಕೇಳಿದಳು. ಬೊಮ್ಮಯ್ಯ ಉಣ್ಣುವುದನ್ನು ನಿಲ್ಲಿಸಿದ. ಅಷ್ಟು ಹೊತ್ತು "ನಾನು ಬದುಕಿದ್ದೇನೆ, ಹೆದರಬೇಡಿ" ಅಂತ ಕೂಗುತ್ತಿದ್ದವನು, "ಇಲ್ಲ, ನಾನು ಸತ್ತಿದ್ದೇನೆ" ಅಂದ. ಅಂದಿನಿಂದ ಅದೇ ಮಾತು. ಗೋಕರ್ಣದಲ್ಲಿ ಕ್ರಿಯೆ ಆದ ಮೇಲೆ ಮುಗೀತು, ಅದು ಸುಳ್ಳಾಗೂದುಂಟಾ ಅಂತ ವಾದ ಬೇರೆ.

ಸತ್ತವನಿಗೆ ತೊಂದರೆ ಇರಲಿಲ್ಲ. ಕಾಗೆಗೆ ಅಂತ ಎಲೆ ಇಟ್ಟರೆ ಉಣ್ಣುತ್ತಿದ್ದ, ಮಳೆ ಬಂದರೆ ಕೊಟ್ಟಿಗೆಗೆ ಸರಿಯುತ್ತಿದ್ದ. ಊರವರಿಗೂ ಅಭ್ಯಾಸವಾಗಿ, ತಮ್ಮ ತಮ್ಮ ಸತ್ತವರಿಗೆ ಸುದ್ದಿ ಹೇಳಿ ಕಳಿಸಲು ಬರತೊಡಗಿದರು. "ನಮ್ಮ ಅಜ್ಜ ಕಂಡ್ರೆ ಹೇಳು, ಆ ತೆಂಗಿನ ಮರದ ತಕರಾರು ನಮ್ಮ ಕಡೆ ಆತು ಅಂತ." ಬೊಮ್ಮಯ್ಯ ತಲೆಯಾಡಿಸುತ್ತಿದ್ದ. ಕಷ್ಟವೆಲ್ಲ ಗಂಗಿಗೆ. ಅವನು ಸತ್ತವನೋ ಬದುಕಿದವನೋ ತೀರ್ಮಾನವಾಗುವ ತನಕ ನೀನು ಹೀಗೇ ಇರು ಅಂತ ಹಿರಿಯರು ಹೇಳಿಬಿಟ್ಟರು. ಗಂಡ ಹಿತ್ತಲಲ್ಲಿ ಕೂತು ಪಾಯಸ ಉಣ್ಣುತ್ತಾನೆ, ಹೆಂಡತಿ ಮುಂಡೆ. ಕುಂಕುಮ ಇಡುವ ಹಾಗಿಲ್ಲ, ಬಳೆ ಇಡುವ ಹಾಗಿಲ್ಲ, ಶುಭಕಾರ್ಯದಲ್ಲಿ ಎದುರು ಬರುವ ಹಾಗಿಲ್ಲ, ಬೇರೆಯವನ ಸೀರೆ ಉಟ್ಟು ಮರುಮದುವೆ ಆಗಲೂ ಇಲ್ಲ, ಇವನ ಪಕ್ಕ ಕೂರಲೂ ಇಲ್ಲ. "ಅಕ್ಕಾ, ನಂಗೆ ಎರಡರಲ್ಲಿ ಒಂದು ಹೇಳಿಸಿ ಸಾಕು. ನನ್ನ ಕೈ ಹೀಗೆ ಖಾಲಿ ನೋಡಲಿಕ್ಕೆ ಆಗೂದಿಲ್ಲ" ಅಂದಳು.

ಅಂದಿನಿಂದ ನಮ್ಮನೆಯವರಿಗೆ ತದಡಿಯ ಹುಚ್ಚು ಹಿಡೀತು. ಭಾನುವಾರ ಬಂತೆಂದರೆ ಅಘನಾಶಿನಿಗೆ ನಡೆದು, ದೋಣಿಯಲ್ಲಿ ಹೊಳೆ ದಾಟಿ ತದಡಿ. ಅಲ್ಲಿ ಹಲಸಿನ ಮರದ ಕೆಳಗೆ, ಕಾಗೆಗಳ ಮಧ್ಯೆ ಕೂರುವುದು. ಒಂದು ಸಲ ನಾನೂ ಹೋಗಿದ್ದೆ. ಕಿವಿಯಾರೆ ಕೇಳಿದ್ದೇನೆ ಇವರಿಬ್ಬರ ಸಂಭಾಷಣೆ.

"ಸತ್ತ ಮೇಲೆ ಹೇಗಾಗ್ತದೆ ಬೊಮ್ಮಯ್ಯ?"

"ಅಡ್ಡಿಲ್ಲ ಅಣ್ಣಪ್ಪಣ್ಣ. ಸೊಳ್ಳೆ ಸ್ವಲ್ಪ ಜಾಸ್ತಿ."

"ಆತು. ಮುಂದೆ?"

"ಮುಂದೆ ಎಂತ? ಯಾರೂ ಎಂತದೂ ಕೇಳೂದಿಲ್ಲ. ಅದೇ ಸುಖ."

"ಬದುಕಿದ್ರೆ ಕೇಳ್ತಿದ್ರಾ?"

ಬೊಮ್ಮಯ್ಯ ಕಾಗೆಯ ಕಡೆ ತಿರುಗಿ ಕೂತ. ಆ ದಿನದ ಮಾತು ಅಲ್ಲಿಗೇ ನಿಂತಿತು. ನಮ್ಮನೆಯವರು ದೋಣಿಯಲ್ಲಿ ಬರುವಾಗ ಬಹಳ ಖುಷಿಯಲ್ಲಿದ್ದರು. ಅವನು ಇವತ್ತು ಕಾಗೆಯ ಕಡೆ ತಿರುಗಿದ, ಹೋದ ವಾರ ಪೂರಾ ಮರದ ಕಡೆ ತಿರುಗಿದ್ದ, ಸುಧಾರಿಸುತ್ತಿದ್ದಾನೆ ಅಂದರು.

"ಹೋಯ್, ಆ ಹೆಣ್ಣನ್ನು ಒಂದು ಮಾತು ಕೇಳಿದ್ದೀರಾ ನೀವು?" ಅಂತ ನಾನು ದೋಣಿಯಲ್ಲೇ ರೇಗಿದೆ.

"ಮೊದಲು ರೋಗಿ, ನಾಗಮ್ಮ."

"ರೋಗಿ ಪಾಯಸ ತಿಂದು ದಪ್ಪ ಆಗಿದ್ದಾನೆ. ಅವಳ ಕುತ್ತಿಗೆಯ ಎಲುಬು ಎಣಿಸಬಹುದು. ನಿಮ್ಮ ತಿಮ್ಮಪ್ಪ ನಿಮಗೆ ಕಿವಿ ತೆರೆಸಿದ್ದು ಒಂದೇ ಬದಿಗೆ ಅಂತ ಕಾಣ್ತದೆ!" ದೋಣಿಯವನು ನಕ್ಕ.

ಕೊನೆಗೆ ದಾರಿ ತೋರಿಸಿದ್ದು ಭಟ್ಟರೇ. ಕ್ರಿಯೆ ಮುಗಿದವನು ತಿರುಗಿ ಬಂದರೆ ಅವನಿಗೆ ಪುನಃ ಜನ್ಮ ಕೊಡಬಹುದು ಅಂತ ಶಾಸ್ತ್ರದಲ್ಲಿದೆಯಂತೆ. ದೊಡ್ಡ ಹಂಡೆಯಲ್ಲಿ ಗರ್ಭದ ಶಿಶುವಿನ ಹಾಗೆ ಕೂರಿಸಿ, ಹೊರಗೆ ತೆಗೆದು, ಹೊಕ್ಕುಳ ಬಳ್ಳಿ ಕೊಯ್ದ ಹಾಗೆ ಮಾಡಿ, ತೊಟ್ಟಿಲು, ನಾಮಕರಣ, ಚೌಲ ಎಲ್ಲ ಸಾಲಾಗಿ ಮುಗಿಸಿ, ಸಾಯಂಕಾಲದೊಳಗೆ ಅವನ ಹೆಂಡತಿಯ ಸಂಗಡವೇ ಪುನಃ ಮದುವೆ. ನಮ್ಮನೆಯವರು ಬೊಮ್ಮಯ್ಯನನ್ನು ಒಪ್ಪಿಸಿದರು. "ನೀನು ಸತ್ತದ್ದು ಸುಳ್ಳು ಅಂತ ಯಾರೂ ಹೇಳೂದಿಲ್ಲ. ಸತ್ತದ್ದು ಖರೆ. ಈಗ ಹುಟ್ಟು, ಅಷ್ಟೆ" ಅಂದರು. ಅದಕ್ಕೆ ಅವನು, "ಹೊಸದಾಗಿ ಹುಟ್ಟಿದವನಿಗೆ ಹಿಂದಿನದ್ದು ನೆನಪಿರಬೇಕು ಅಂತ ಇಲ್ಲ ಅಲ್ದಾ?" ಅಂತ ಕೇಳಿದ. "ಇಲ್ಲ" ಅಂದರು ಭಟ್ಟರು. "ಹಾಗಾದ್ರೆ ಆತು" ಅಂದ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ನಿಶ್ಚಯವಾತು. ನಾವು ಮುಟ್ಟುವಾಗ ತದಡಿಗೆ ತದಡಿಯೇ ಆ ಅಂಗಳದಲ್ಲಿತ್ತು. ಮುದುಕಿ ಸಣ್ಣಿಯನ್ನು ಬಾಣಂತಿ ಮಾಡಿ, ತಲೆಗೆ ಕಿವಿಗೆ ಬಟ್ಟೆ ಸುತ್ತಿ, ಚಾಪೆ ಮೇಲೆ ಮಲಗಿಸಿ, ಮೆಣಸಿನ ಕಷಾಯ ಕುಡಿಸುತ್ತಿದ್ದರು. "ಖಾರ, ಖಾರ" ಅಂತ ಅವಳು ಒದ್ದಾಡಿದರೆ, ಸೂಲಗಿತ್ತಿ "ಸುಮ್ಮನೆ ಕುಡಿ, ಈ ವಯಸ್ಸಿನ ಹೆರಿಗೆ ಸುಲಭ ಅಲ್ಲ" ಅಂತ ಗದರಿಸುತ್ತಿದ್ದಳು. ಬೊಮ್ಮಯ್ಯ ಮುಷ್ಟಿ ಕಟ್ಟಿ, ಮೊಣಕಾಲು ಎದೆಗೆ ತಾಗಿಸಿ ಹಂಡೆಯೊಳಗೆ ಕೂತಿದ್ದ. ಮೀಸೆ ಮಾತ್ರ ಮೇಲಿಂದ ಕಾಣುತ್ತಿತ್ತು. ಗಂಗಿಯನ್ನು, ಬೋಳು ಹಣೆಯವಳು ಹುಟ್ಟುವ ಶಿಶುವಿನ ಕಣ್ಣಿಗೆ ಬೀಳಬಾರದು ಅಂತ, ಕೊಟ್ಟಿಗೆಯ ಹಿಂದೆ ನಿಲ್ಲಿಸಿದ್ದರು. ನಾನು ಅವಳ ಪಕ್ಕ ಹೋಗಿ ನಿಂತೆ.

ಮುಹೂರ್ತ ಬಂತು. ಭಟ್ಟರು ಮಂತ್ರ ಹೇಳಿದರು. ಹೆಂಗಸರು ಜೋಗುಳಕ್ಕೆ ಬಾಯಿ ತೆರೆದು ನಿಂತರು. ಶಿಶು ಹೊರಗೆ ಬರಲಿಲ್ಲ.

"ಪಾಯಸ ತಿಂದು ಹೊಟ್ಟೆ ಸಿಕ್ಕಿಬಿದ್ದಿದೆ" ಅಂದ ಒಬ್ಬ. ಕೊಬ್ಬರಿ ಎಣ್ಣೆ ತಂದು ಹಂಡೆಯ ಬಾಯಿಗೆ ಸುರಿದರು. ಇಬ್ಬರು ಕಂಕುಳಲ್ಲಿ ಕೈ ಹಾಕಿ ಎಳೆದರು, ಎಣ್ಣೆಗೆ ಜಾರಿ ಅವರೇ ಹಿಂದೆ ಬಿದ್ದರು. "ತಲೆ ತಿರುಗಿದೆಯಾ ನೋಡಿ" ಅಂತ ಮುದುಕನೊಬ್ಬ ಸಲಹೆ ಕೊಟ್ಟ. ಭಟ್ಟರು ಬಿಸಿಲಿನ ಕಡೆ ನೋಡುತ್ತ, ಮುಹೂರ್ತ ಮೀರಿದರೆ ಮುಂದಿನದು ದೂರ ಇದೆ ಅಂತ ಬೊಬ್ಬೆ ಹಾಕಿದರು. ನಮ್ಮನೆಯವರು ಹಂಡೆಯ ಪಕ್ಕ ಕೂತು, "ಆತು ಬೊಮ್ಮಯ್ಯ, ಮುಂದೆ?" ಅನ್ನುತ್ತಿದ್ದರು. ಹಂಡೆಯೊಳಗಿಂದ ಸಣ್ಣ ದನಿ ಬಂತು: "ನಾ ಬರೂದಿಲ್ಲ. ಬಂದ ಕೂಡ್ಲೆ ಅಮ್ಮ ಕೇಳ್ತಾಳೆ."

ಅಲ್ಲಿಯ ತನಕ ನನ್ನ ಪಕ್ಕ ಕಂಬದ ಹಾಗೆ ನಿಂತಿದ್ದ ಗಂಗಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏ ತಂಗಿ, ಹೋಗಬೇಡ" ಅಂತ ಯಾರೋ ಕೂಗಿದರು. "ಹೋಗೇ ನೀನು!" ಅಂದೆ ನಾನು. ಅಂಗಳದ ನಡುವೆ ನಡೆದು ಬಂದು, ಹಂಡೆಯ ಎರಡೂ ಬದಿ ಹಿಡಿದು, ಅವಳು ಒಳಗೆ ಬಗ್ಗಿದಳು.

"ನೀವು ಸತ್ತಿದ್ದೋ ಬದುಕಿದ್ದೋ ನಂಗೆ ಬ್ಯಾಡ. ಒಂದು ವರ್ಷ ಮುಂಬಯಿಯಲ್ಲಿ ಇದ್ದಿರಿ. ಬದುಕಿದ್ದೇನೆ ಅಂತ ಒಂದು ಸುದ್ದಿ ಎಂತಕೆ ಕಳಿಸಲಿಲ್ಲ?"

ಅಷ್ಟು ತಿಂಗಳಿಂದ ಭಟ್ಟರು, ಹಿರಿಯರು, ನಮ್ಮನೆಯವರು, ಎಲ್ಲರೂ ಅವನ ಸಾವಿನ ವಿಚಾರ ಮಾಡಿದ್ದೇ ಮಾಡಿದ್ದು. ಇದನ್ನು ಒಬ್ಬರೂ ಕೇಳಿರಲಿಲ್ಲ.

"ನನ್ನ ಸುದ್ದಿ ಕಳಿಸಿದ್ರೆ ಹೊನ್ನನ ಸುದ್ದಿಯೂ ಕಳಿಸಬೇಕಾಗ್ತಿತ್ತು ಗಂಗಿ" ಅಂದ ಬೊಮ್ಮಯ್ಯ. ಹಂಡೆಯೊಳಗೆ ದನಿ ಗುಂಯ್ ಅಂತು. "ಒಂದೇ ಹಲಗೆ ಸಿಕ್ಕಿತ್ತು. ಇಬ್ಬರೂ ಹಿಡ್ಕೊಂಡಿದ್ವಿ. ಅವನ ಕೈ ನನ್ನ ಕೈಯಲ್ಲಿತ್ತು. ನಂಗೆ ನಿದ್ದೆ ಬಂದೋತು. ಕಣ್ಣು ಬಿಟ್ಟಾಗ ಕೈ ಖಾಲಿ. ಅಮ್ಮನಿಗೆ ಎಂತ ಅಂತ ಹೇಳಲಿ? ನಿದ್ದೆ ಬಂತು ಅಂತ ಹೇಳಲಾ?"

ಚಾಪೆಯ ಮೇಲಿನ ಬಾಣಂತಿ ಎದ್ದು ಕೂತಳು. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಬಿಸಾಡಿ, ಕಂಬ ಹಿಡಿದು ಎದ್ದು, ಹಂಡೆಯ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಸಣ್ಣಿ ಕಣ್ಣೀರು ಸುರಿಸುತ್ತ, ನಮ್ಮೆಲ್ಲರ ಕಡೆ ತಿರುಗಿ, ಮಗನ ಪರವಾಗಿ ಕ್ಷಮೆ ಕೇಳುವವಳ ಹಾಗೆ ಹೇಳಿದಳು: "ಇವನಿಗೆ ಚಿಕ್ಕಂದಿನಿಂದ ನಿದ್ದೆ ಹೆಚ್ಚು. ಮೊಲೆ ಬಾಯಲ್ಲಿ ಇಟ್ಕೊಂಡೇ ನಿದ್ದೆ ಹೋಗ್ತಿದ್ದ." ಆಮೇಲೆ ಎರಡೂ ಕೈ ಹಂಡೆಯೊಳಗೆ ಹಾಕಿ, "ಏಳು ಮಗಾ. ಹೊನ್ನ ಹೋದ. ನೀನಾದ್ರೂ ಬಾ" ಅಂತ ಎಳೆದಳು. ಎಣ್ಣೆ ಸುರಿಸುತ್ತ, ಮೀಸೆ ಸಮೇತ, ಮಗ ಹೊರಗೆ ಬಂದ. ಹಂಡೆ ಉರುಳಿ ಭಟ್ಟರ ಕಾಲಿಗೆ ಬಡೀತು. ತಾಯಿ ಮಗ ಇಬ್ಬರೂ ನೆಲದ ಮೇಲೆ ಕೂತು ಹೊನ್ನನ ಹೆಸರು ಹಿಡಿದು ಕರೆದು ಅತ್ತರು. ನಾನೂ ಅತ್ತೆ. ಸುಳ್ಳು ಯಾಕೆ ಹೇಳಲಿ?

ಭಟ್ಟರು ಕಾಲು ತಿಕ್ಕಿಕೊಳ್ಳುತ್ತ, "ಮುಹೂರ್ತ ಮೀರಿತು. ತೊಟ್ಟಿಲು, ಚೌಲ, ಮದುವೆ ಎಲ್ಲ ಮುಂದೆ ಹಾಕಬೇಕು" ಅಂದರು.

"ಭಟ್ರೇ, ಇವರ ಸಂಗಡ ನನ್ನ ಮದುವೆ ಆಗಿದೆ. ಸತ್ತಿಲ್ಲ ಅಂತ ಈಗ ಇವರ ಬಾಯಲ್ಲೇ ಬಂತಲ್ಲ. ನಾ ಇನ್ನೂ ಎಂತಕೆ ಕಾಯಬೇಕು?" ಅಂದಳು ಗಂಗಿ.

ಭಟ್ಟರು ಎಣ್ಣೆಯಲ್ಲಿ ಅದ್ದಿದ ಬೊಮ್ಮಯ್ಯನನ್ನು ನೋಡಿದರು, ಮುದುಕಿಯನ್ನು ನೋಡಿದರು. "ಆತು, ಬಳೆ ಇಟ್ಕೋ. ಶಾಸ್ತ್ರಕ್ಕೆ ಏನಾದ್ರೂ ಉತ್ತರ ಹೇಳೂದಿದ್ರೆ ನಾ ಹೇಳ್ತೆ" ಅಂದರು. ಒಳ್ಳೆ ಮನುಷ್ಯ, ಸುಮ್ಮನೆ ಅಲ್ಲ.

ಅವತ್ತೇ ಸಂಜೆಯೊಳಗೆ ಗಂಗಿ, ಬೊಮ್ಮಯ್ಯ, ನಾವಿಬ್ಬರು, ನಾಲ್ವರೂ ಹೊಳೆ ದಾಟಿ ಕುಮಟೆಯ ಪೇಟೆಗೆ ಬಂದೆವು. ಬಳೆ ಅಂಗಡಿಯಲ್ಲಿ ಭಟ್ಕಳ ಕಡೆಯ ಒಬ್ಬಳು ಮುದುಕಿ ಕೂರುತ್ತಿದ್ದಳು. ಅವಳಿಗೆ ಈ ಕತೆ ಎಂತದೂ ಗೊತ್ತಿಲ್ಲ. ಗಂಗಿ ಕೈ ಚಾಚಿದಳು. ನಾನು ಹಸಿರು ಬಳೆ ಆರಿಸಿದೆ. ಗಂಡಸರಿಬ್ಬರೂ ಮೆಟ್ಟಿಲ ಹತ್ತಿರ ನಿಂತಿದ್ದರು. ವರ್ಷದ ಮೇಲೆ ಬಳೆ ಕಾಣದ ಕೈ, ಬಾವಿ ಹಗ್ಗ ಎಳೆದು ಬೆರಳ ಬುಡದ ಗಂಟು ದಪ್ಪವಾಗಿತ್ತು. ಮುದುಕಿ ಬೆರಳುಗಳನ್ನು ಒತ್ತಿ ಮಡಚಿ, ಮೊದಲನೆಯ ಬಳೆಯನ್ನು ಗಂಟು ದಾಟಿಸುವಾಗ ವಾಡಿಕೆಯಂತೆ ಕೇಳಿದಳು:

"ನೋಯ್ತದಾ ಮಗಳೇ?"

ಗಂಗಿ ಅವಳ ಮುಖವನ್ನೇ ನೋಡಿದಳು. ಬಳೆ ಒಡೆದಾಗ, ಕೊಟ್ಟಿಗೆಯ ಹಿಂದೆ ನಿಲ್ಲಿಸಿದಾಗ, ಹಂಡೆಯ ಮುಂದೆ ಕೂಗಿದಾಗ ಅಳದಿದ್ದವಳು ಅಂಗಡಿಯ ಕಟ್ಟೆಯ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ನೋಯ್ತದೆ ಅಮ್ಮಾ. ಬಹಳ ನೋಯ್ತದೆ" ಅಂದಳು.

ಮೆಟ್ಟಿಲ ಹತ್ತಿರ ನಮ್ಮನೆಯವರು ತಲೆ ತಗ್ಗಿಸಿದ್ದು ಕಂಡೆ. ಬಳೆಗಾರ್ತಿ ಗಾಬರಿಯಾಗಿ, "ಅಳಬೇಡ, ಇದನ್ನು ತೆಗೆದು ಸ್ವಲ್ಪ ದೊಡ್ಡದು ಇಡ್ತೆ" ಅಂತ ಬಳೆಗೆ ಕೈ ಹಾಕಿದಳು.

ಗಂಗಿ ಸಟಕ್ಕನೆ ಕೈ ಎದೆಗೆ ಒತ್ತಿಕೊಂಡಳು. "ತೆಗೀಬ್ಯಾಡಿ" ಅಂದಳು.